ಎದೆ ನಿಧಾನ ಮಾಡುವ ಗುಳಿಗೆ

ಕಮಲಾಪುರ
12 ನವೆಂಬರ್ 2024

ಪ್ರೀತಿಯ ನಜ್ಜೂ,

ಕಾಗದ ನೋಡಿ ನಗಬೇಡ. ಮನೆಯಲ್ಲಿ ಫೋನ್ ಇಟ್ಟುಕೊಂಡು ಪತ್ರ ಬರೆಯುವ ಹುಚ್ಚಿ ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಆ ಫೋನ್ ಯಾವಾಗಲೂ ನನ್ನ ಮಗಳು ಕಾವೇರಿಯ ಕೈಯಲ್ಲೇ ಇರುತ್ತದೆ. ನಿನಗೊಂದು ಮೆಸೇಜ್ ಹಾಕಿದರೆ ನಿನ್ನ ಉತ್ತರವನ್ನು ನನಗಿಂತ ಮೊದಲು ಅವಳೇ ಓದುತ್ತಾಳೆ. ಮಾತಾಡೋಣವೆಂದರೆ ನಮ್ಮ ಅತ್ತೆ ನೀಲಗಂಗಮ್ಮನವರ ಕಿವಿಗೆ ಗೋಡೆ ಅಡ್ಡ ಬರುವುದಿಲ್ಲ. ಅದಕ್ಕೇ ನಿಮ್ಮ ಚಿಕ್ಕಪ್ಪನ ಮಗ ಅಕ್ರಮ್‌ನ ಕೈಗೆ ಕೊಟ್ಟಿದ್ದೇನೆ. ದಿನಾ ಬೆಳಗ್ಗೆ ಟೆಂಪೋದಲ್ಲಿ ಬಾಳೆಹಣ್ಣು ತುಂಬಿಕೊಂಡು ಕಲಬುರಗಿಗೆ ಬರುತ್ತಾನಲ್ಲ, "ಆಪಾನ ಕೈಯಾಗೇ ಕೊಡ್ತೀನ್ರಿ ಅಕ್ಕಾರ" ಅಂದ. ನಿನ್ನ ಉತ್ತರವನ್ನೂ ಅವನ ಹತ್ತಿರವೇ ಕಳಿಸು.

ವಿಷಯ ಕಾವೇರಿಯದೇ. ಡಿಗ್ರಿ ಎರಡನೇ ವರ್ಷ, ಓಟ ಅಂದರೆ ಅನ್ನ ನೀರು ಬೇಡ. ಸೋಮವಾರ ಮೈದಾನದಲ್ಲಿ ಎಂಟುನೂರು ಮೀಟರ್ ಓಡುತ್ತಿದ್ದಾಗ ಕೊನೆಯ ತಿರುವಿನಲ್ಲಿ ಬಿದ್ದಳಂತೆ. ಮೇಷ್ಟ್ರು ನೀರು ಚಿಮುಕಿಸಿದ ಮೇಲೆ ಎದ್ದಳು. ಮನೆಗೆ ಬಂದು "ಏನಿಲ್ಲವ್ವಾ, ಬಿಸಿಲಿಗೆ ಚಕ್ಕರ್ ಬಂತು" ಅಂದಳು. ಇಲ್ಲಿನ ಡಾಕ್ಟರು ಇಸಿಜಿ ತೆಗೆದು ನಾರ್ಮಲ್ ಅಂದರು. ಅತ್ತೆ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು, ಮೇಲೆ ಎರಡು ಕೆಂಪು ಬಾಳೆಹಣ್ಣು ತಿನ್ನಿಸಿದರು. ಅವರ ಪ್ರಕಾರ ಕಮಲಾಪುರದ ಬಾಳೆಹಣ್ಣಿಗೆ ಹೋಗದ ರೋಗವೇ ಇಲ್ಲ. ಕಾವೇರಿಯ ಅಪ್ಪ ಹೈದರಾಬಾದ್ ಬಸ್ಸಿನ ಡ್ಯೂಟಿಯಲ್ಲಿದ್ದಾರೆ, ಅವರಿಗಿನ್ನೂ ಹೇಳಿಲ್ಲ.

ನೀನು ದಿನವಿಡೀ ಜನರ ಎದೆಯ ಫೋಟೋ ನೋಡುವ ಡಾಕ್ಟರು. "ಬರೀ ನಿಶ್ಶಕ್ತಿ" ಅಂತ ಎರಡು ಸಾಲು ಬರೆದು ನನ್ನ ಹೊಟ್ಟೆಯ ಕೆಂಡ ಆರಿಸು. ತಿಂಗಳ ಕೊನೆಗೆ ಇಲ್ಲೇ ಯೂನಿವರ್ಸಿಟಿ ತಂಡಕ್ಕೆ ಆರಿಸುವ ಓಟ ಇದೆ. ಯಾರಿಗೂ ಹೇಳಬೇಡ. ಹೆಣ್ಣುಮಗಳ ಎದೆಯ ಮಾತು, ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಗಬಾರದು.

ನಿನ್ನ
ಬಂಡಿ


ಕಲಬುರಗಿ, ಶಹಾಬಜಾರ
14 ನವೆಂಬರ್ 2024

ಲೇ ಬಂಡೆಮ್ಮಾ,

ಸಮಾಧಾನ ಬೇಕಿದ್ದರೆ ದರ್ಗಾಕ್ಕೆ ಹೋಗು. ನನ್ನ ಹತ್ತಿರ ಬಂದರೆ ಪ್ರಶ್ನೆ ಸಿಗುತ್ತವೆ. ಓಡುತ್ತಿರುವಾಗಲೇ ಬಿದ್ದಳೋ, ನಿಂತ ಮೇಲೆ ಬಿದ್ದಳೋ? ಬೀಳುವ ಮೊದಲು ಎದೆ ಬಿಗಿದಿತ್ತೋ? ಕೈ ಊರಿ ಬಿದ್ದಳೋ, ಮುಖವೇ ನೆಲಕ್ಕೆ ಬಡಿಯಿತೋ? ಇದು ಮೊದಲ ಸಲವೋ? ಅವಳನ್ನೇ ಕೇಳಿ ಬರೆ. ನೀನು ಊಹಿಸಿ ಬರೆಯಬೇಡ, ಶಾಲೆಯಲ್ಲಿ ನಿನ್ನ ಊಹೆ ನಂಬಿ ನಾನು ಗಣಿತದಲ್ಲಿ ಫೇಲ್ ಆದವಳು.

ಆ ನಾರ್ಮಲ್ ಇಸಿಜಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಡ. ಮಲಗಿಸಿ ತೆಗೆದ ಇಸಿಜಿ ಮಲಗಿದ ಎದೆಯ ಸುದ್ದಿ ಹೇಳುತ್ತದೆ. ಹುಡುಗಿ ಬಿದ್ದದ್ದು ಓಡುವಾಗ. ಹತ್ತೊಂಬತ್ತರ ವಯಸ್ಸಿನ, ದಿನಾ ಓಡುವ ಹುಡುಗಿ ಓಟದ ನಡುವೆ ಬಿದ್ದರೆ ನಾವು ಅದನ್ನು ಬಿಸಿಲಿನ ತಲೆಗೆ ಕಟ್ಟಿ ಸುಮ್ಮನಾಗುವುದಿಲ್ಲ.

ಸೋಮವಾರ ಕರೆದುಕೊಂಡು ಬಾ. ನಾನು ನೋಡುವವರೆಗೂ ಓಟ ಬಂದ್. ಬಸ್ಸು ಹಿಡಿಯಲಿಕ್ಕೂ ಓಡಕೂಡದು, ಬಸ್ಸು ತಪ್ಪಿದರೆ ತಪ್ಪಲಿ.

ನಜ್ಮಾ


ಕಲಬುರಗಿ
20 ನವೆಂಬರ್ 2024

ಪ್ರೀತಿಯ ಬಂಡಿ,

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಮುಖ ನೋಡಿ ನನಗೇ ಒಂಥರಾ ಆಯಿತು. ಅಷ್ಟು ಹೆದರಬೇಡವೇ. ನಮ್ಮ ಆಸ್ಪತ್ರೆಯ ಹೃದಯದ ಡಾಕ್ಟರ್ ಕುನಾಲ ಎಕೋ ಮಾಡಿದರಲ್ಲ, ಹೃದಯ ಚೆನ್ನಾಗಿ ಹಿಂಡುತ್ತಿದೆ, ಕವಾಟಗಳು ಸರಿಯಾಗಿವೆ. ಎದೆಯ ಸಿಟಿ ಸ್ಕ್ಯಾನ್ ಒಂದು ಆಗಿಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಆ ಮೆಷಿನ್ ನೋಡುತ್ತಲೇ ನಿನ್ನ ಮಗಳ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು, ನೂರಿಪ್ಪತ್ತರಿಂದ ಇಳಿಯಲೇ ಇಲ್ಲ. ಅದಕ್ಕೇ ವಾಪಸ್ ಕಳಿಸಿದೆವು.

ಇದರ ಜೊತೆ ಒಂದು ಪಟ್ಟಿ ಗುಳಿಗೆ ಕಳಿಸುತ್ತಿದ್ದೇನೆ. ಎದೆ ನಿಧಾನ ಮಾಡುತ್ತವೆ. ಬರುವ ಹಿಂದಿನ ರಾತ್ರಿ ಒಂದು, ಬರುವ ದಿನ ಬೆಳಗ್ಗೆ ಒಂದು ಕೊಡು. 26ಕ್ಕೆ ಸ್ಕ್ಯಾನ್. ಆ ದಿನ ನಾನು ಇರುವುದಿಲ್ಲ, ನನ್ನ ಅಕ್ಕನ ಮಗಳು ಹೀನಾಳ ಮದುವೆಗೆಂದು ಹೈದರಾಬಾದಿಗೆ ಹೋಗುತ್ತೇನೆ. ಕುನಾಲ ಇರುತ್ತಾರೆ, ಎಲ್ಲ ಹೇಳಿದ್ದೇನೆ.

ಊಟ ಮಾಡು, ನಿದ್ದೆ ಮಾಡು. ಏನಿಲ್ಲ ಅಂತಲೇ ತಿಳಿದುಕೊ.

ನಿನ್ನ ನಜ್ಜು


ಕಮಲಾಪುರ
25 ನವೆಂಬರ್ 2024

ನಜ್ಜೂ, ನಮ್ಮವ್ವಾ,

ನಿನ್ನ ಕೈಗೆ ಬಂಗಾರದ ಬಳೆ ತೊಡಿಸಬೇಕು! "ಏನಿಲ್ಲ" ಅಂತ ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಆ ರಾತ್ರಿಯೇ ಒಂದು ಗುಳಿಗೆ ಕೊಟ್ಟೆ. ಮರುದಿನ ಮಗಳ ಮುಖವೇ ಬೇರೆ. "ಅವ್ವಾ, ಎದಿ ಎಷ್ಟ್ ಹಗುರಾಗ್ಯಾದ ಅಂತಿ, ಡವಡವ ಅನ್ನಾಂಗಿಲ್ಲ" ಅಂದಳು. ಇಷ್ಟು ಒಳ್ಳೆಯ ಔಷಧಿ ಎರಡಕ್ಕೇ ಯಾಕೆ ನಿಲ್ಲಿಸುವುದು ಅಂತ ದಿನಾ ಒಂದೊಂದು ಕೊಡುತ್ತಿದ್ದೇನೆ. ಅತ್ತೆಯಂತೂ "ನೋಡು, ಕೈಗುಣ ಅಂದ್ರ ಇದು. ಆ ನಜ್ಮಾ ಸಣ್ಣಾಕಿ ಇದ್ದಾಗಿಂದ ಹಂಗ, ಮುಟ್ಟಿದ ಗಿಡ ಚಿಗೀತಿತ್ತು" ಎಂದು ಓಣಿ ತುಂಬ ಹೇಳಿಕೊಂಡು ಬಂದರು. ಯಾತರ ಗುಳಿಗೆ ಅಂತ ಮಾತ್ರ ಹೇಳಿಲ್ಲ, ರಕ್ತ ಹೆಚ್ಚುವುದಕ್ಕೆ ಅಂದಿದ್ದಾರೆ.

ಅದಕ್ಕೇ ನಾಳೆ ಬರುತ್ತಿಲ್ಲ, ಸಿಟ್ಟಾಗಬೇಡ. ಎದೆ ನಿಧಾನವಾದ ಮೇಲೆ ಇನ್ನೇನು ಸ್ಕ್ಯಾನು? ಆ ಡಬ್ಬಿಯೊಳಗೆ ಮತ್ತೆ ಮಲಗಿಸಿ ಹೆದರಿಸುವುದು ಬೇಡ. ನೀನು ನೋಡುವವರೆಗೆ ಓಡಬಾರದು ಅಂದಿದ್ದೆ, ಈಗ ನೋಡಿಯಾಯಿತಲ್ಲ. ಶನಿವಾರ ಹತ್ತು ಗಂಟೆಗೆ ಆರಿಸುವ ಓಟ. ಬೆಳಗ್ಗೆ ಒಂದು ಗುಳಿಗೆ ಕೊಟ್ಟೇ ಕಳಿಸುತ್ತೇನೆ, ನೀನೇನೂ ಹೇಳಬೇಕಾಗಿಲ್ಲ.

ನಿನ್ನ
ಬಂಡಿ


ಕಲಬುರಗಿ
30 ನವೆಂಬರ್ 2024, ಬೆಳಗ್ಗೆ

ಕಾವೇರಿ ಬೇಟಾ,

ಇದು ನಿನ್ನ ಅವ್ವನಿಗಲ್ಲ, ನಿನಗೆ. ನಿಂತಲ್ಲೇ ನಿಂತು ಕೊನೆಯವರೆಗೆ ಓದು.

ಹೈದರಾಬಾದಿನಿಂದ ಈಗಷ್ಟೇ ಬಂದೆ. ಅವ್ವ ಬರೆದ ಪತ್ರ ನಾಲ್ಕು ದಿನದಿಂದ ನಮ್ಮ ಅತ್ತೆ ಹಲೀಮಾರ ಹತ್ತಿರ ಇತ್ತು, ಚಹಾದ ಜೊತೆ ಕೊಟ್ಟರು. ಓದುತ್ತಲೇ ಫೋನ್ ಮಾಡಿದೆ. ನೀನೇ ಎತ್ತಿದೆ. "ಖಾಲಾ, ಓಟ ಮುಗದ ಮ್ಯಾಲ ಮಾತಾಡ್ತೀನ್ರಿ" ಅಂತ ಇಟ್ಟುಬಿಟ್ಟೆ, ಆಮೇಲೆ ಸ್ವಿಚ್ ಆಫ್. ಅಪ್ಪ ಬಸ್ಸು ಓಡಿಸುತ್ತಿರುತ್ತಾರೆ, ಎತ್ತುತ್ತಿಲ್ಲ. ತುರ್ತು ಕರೆ ಬಂದು ಆಸ್ಪತ್ರೆಗೆ ಬಂದಿದ್ದೇನೆ, ಇಲ್ಲಿ ಸ್ಕ್ಯಾನ್ ಟೇಬಲ್ ಮೇಲೆ ಒಬ್ಬರ ಜೀವ ತೂಗಾಡುತ್ತಿದೆ, ನಾನು ಬಿಟ್ಟು ಬರುವಂತಿಲ್ಲ. ಅಕ್ರಮ್ ನೆಹರು ಗಂಜ್‌ನಲ್ಲಿ ಹಣ್ಣಿನ ಬುಟ್ಟಿ ಅರ್ಧಕ್ಕೇ ಬಿಟ್ಟು ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದಾನೆ.

ಆ ಗುಳಿಗೆ ಔಷಧಿಯಲ್ಲ. ಎದೆ ಜೋರಾಗಿ ಬಡಿದರೆ ಸ್ಕ್ಯಾನಿನ ಫೋಟೋ ಅಲುಗಾಡುತ್ತದೆ, ಅದು ನಿಧಾನವಾಗಲಿ ಅಂತ ಕೊಟ್ಟದ್ದು. ಅಷ್ಟೇ. ಅದು ಏನನ್ನೂ ವಾಸಿ ಮಾಡಿಲ್ಲ. ನಿನಗೆ ಎಚ್ಚರಿಕೆ ಕೊಡುವ ನೋವನ್ನು ಮುಚ್ಚಿರಬಹುದು.

ಹೃದಯ ಮೈಗೆಲ್ಲ ರಕ್ತ ಕಳಿಸುತ್ತದೆ, ಆದರೆ ಅದಕ್ಕೂ ರಕ್ತ ಬೇಕು. ಅದಕ್ಕೆಂದೇ ಎರಡು ಸಣ್ಣ ರಕ್ತನಾಳ ಇರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಎಕೋದಲ್ಲಿ ಎಡದ ನಾಳದ ಬಾಯಿ ಇರಬೇಕಾದ ಜಾಗದಲ್ಲಿ ನಮಗೆ ಕಾಣಲಿಲ್ಲ. ಹುಟ್ಟುವಾಗಲೇ ಅದು ಬಲಗಡೆಯಿಂದ ಹೊರಟು, ಎರಡು ದೊಡ್ಡ ನಾಳಗಳ ಸಂದಿಯಲ್ಲಿ ತೂರಿಕೊಂಡು ಎಡಕ್ಕೆ ಬಂದಿದೆಯೇನೋ ಅಂತ ಕುನಾಲ ಸರ್‌ಗೂ ನನಗೂ ಅನುಮಾನ. ಕೂತಾಗ ಮಲಗಿದಾಗ ಏನೂ ಗೊತ್ತಾಗುವುದಿಲ್ಲ. ಜೋರಾಗಿ ಓಡಿದಾಗ ಆ ದೊಡ್ಡ ನಾಳಗಳು ಉಬ್ಬಿ ನಡುವಿನದನ್ನು ಹಿಚುಕಬಹುದು. ಹೃದಯಕ್ಕೇ ರಕ್ತ ಸಿಗದೆ ಹೋದರೆ ಓಡುತ್ತಿದ್ದವರು ಬೀಳುತ್ತಾರೆ. ನೀನು ಎದ್ದೆ. ಕೆಲವರು ಏಳಲಿಲ್ಲ, ನಿನ್ನದೇ ವಯಸ್ಸಿನವರು.

ನಿನ್ನ ಅವ್ವನಿಗೆ ಇದನ್ನು ನಾನು ಹೇಳಲಿಲ್ಲ. ಖಚಿತವಾಗದೆ ಹೆದರಿಸುವುದು ಯಾಕೆ ಅಂದುಕೊಂಡೆ. ನಿನಗಂತೂ ಒಂದು ಮಾತೂ ಹೇಳಲಿಲ್ಲ. ತಪ್ಪು ಮಾಡಿದೆ. ಬೈಯುವುದಿದ್ದರೆ ನಾಳೆ ಬಂದು ಬೈ.

ಇವತ್ತು ಓಡಬ್ಯಾಡ. ನನ್ನವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ನಾಕು ಹೆಜ್ಜಿನೂ ಓಡಬ್ಯಾಡ.

ನಜ್ಮಾ ಖಾಲಾ


ಕಮಲಾಪುರ
1 ಡಿಸೆಂಬರ್ 2024

ಡಾಕ್ಟರ್ ನಜ್ಮಾ ಅವರಿಗೆ,

ಓಡಲಿಲ್ಲ ಅಂತ ಅಕ್ರಮ್ ಫೋನಿನಲ್ಲಿ ಹೇಳಿದ್ದಾನಂತೆ. ಉಳಿದದ್ದನ್ನು ನಾನು ಹೇಳುತ್ತೇನೆ, ಕೇಳಿಸಿಕೊ.

ಹುಡುಗಿಯರೆಲ್ಲ ಗೆರೆಯ ಮೇಲೆ ನಿಂತಾಗಿತ್ತು. ಅಕ್ರಮ್ ಟೆಂಪೋದ ಬಾಗಿಲು ಕೂಡ ಹಾಕದೆ ಮೈದಾನದ ನಡುವೆಯೇ ಓಡಿ ಬಂದ. ನಾನು ಕೈ ಚಾಚಿದರೆ "ನಿಮಗಲ್ರೀ ಅಕ್ಕಾರ, ಹುಡುಗಿ ಕೈಯಾಗ ಅಂದಾರ" ಅಂದ. ಅವಳು ಓದಿದಳು. ಮೇಷ್ಟ್ರು ಬೈಯುತ್ತಿದ್ದರೂ ಕದಲಲಿಲ್ಲ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟ ವೈರಿಗೂ ಬೇಡ ನಜ್ಮಾ. ಗೆರೆ ಬಿಟ್ಟು ಬಂದು, ಶೂ ಬಿಚ್ಚಿ, ಮಣ್ಣಿನಲ್ಲಿ ಕೂತು ಓಟ ಮುಗಿಯುವವರೆಗೂ ನೋಡಿದಳು. ಗೆದ್ದವಳನ್ನು ಅವಳು ದಿನಾ ಹಿಂದೆ ಹಾಕುತ್ತಿದ್ದಳು.

"ಅವ್ವಾ, ಆ ಗುಳಿಗಿ ಯಾತಕ್ಕಂತ ನಿನಗ ಗೊತ್ತಿತ್ತೇನು?"

"ಇಲ್ಲವಾ, ನಿನ್ನ ಆಣಿ."

"ನನ್ನ ಎದಿ ಸುದ್ದಿ ನಿಮಗೆಲ್ಲ ಗೊತ್ತದ, ನನಗೊಬ್ಬಾಕಿಗೇ ಗೊತ್ತಿಲ್ಲ."

ಇದನ್ನು ಪಿಸುಗುಟ್ಟಲಿಲ್ಲ, ಮೈದಾನಕ್ಕೆಲ್ಲ ಕೇಳುವ ಹಾಗೆ ಅಂದಳು. ಈಗ ಊರಿಗೆಲ್ಲ ಗೊತ್ತು. ಯಾರಿಗೂ ಹೇಳಬೇಡ ಅಂತ ನಾನು ಬಾಯಿಗೆ ಬೀಗ ಹಾಕಿದರೆ, ನೀನು ಬೀಗದ ಕೈ ಬೀದಿಗೆ ಎಸೆದೆ. "ಏನಿಲ್ಲ ಅಂತಲೇ ತಿಳಿದುಕೊ" ಅಂತ ಬರೆದವಳು ನೀನು. ನಿನ್ನ ಮಾತು ನಂಬಿ ನನ್ನ ಕೈಯಾರೆ ಗುಳಿಗೆ ನುಂಗಿಸಿ ಮಗಳನ್ನು ಸಾಯಲಿಕ್ಕೆ ಕಳಿಸಿದೆನಲ್ಲೇ! ನನಗೆ ನೆಟ್ಟಗೆ ಒಂದು ಮಾತು ಬರೆಯಲು ನಿನಗೇನಾಗಿತ್ತು? ನನ್ನಂಥ ಅಂಗನವಾಡಿ ಟೀಚರಿಗೆ ಇದೆಲ್ಲ ತಿಳಿಯುವುದಿಲ್ಲ ಅಂದುಕೊಂಡೆಯಾ?

ಮೂರು ಹೊತ್ತಾಯಿತು, ಅವಳು ನನ್ನ ಕೂಡ ಮಾತಾಡಿಲ್ಲ.

ಬಂಡೆಮ್ಮ


ಕಲಬುರಗಿ
6 ಡಿಸೆಂಬರ್ 2024

ಬಂಡಿ,

ನೀನು ಬೈದದ್ದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಎದುರು ಸಿಕ್ಕಿದ್ದರೆ ನೀನು ಹೊಡೆಯುತ್ತಿದ್ದೆ, ನಾನು ಹೊಡೆಸಿಕೊಳ್ಳುತ್ತಿದ್ದೆ.

ಕಾವೇರಿ ನಿನ್ನೆ ಬೆಳಗ್ಗೆ ಟೆಂಪೋದಲ್ಲಿ ಹಣ್ಣಿನ ಬುಟ್ಟಿಗಳ ನಡುವೆ ಕೂತು ಒಬ್ಬಳೇ ಬಂದಳು. ನಿನಗೆ ಕಾಲೇಜಿಗೆ ಅಂತ ಹೇಳಿ ಬಂದಿದ್ದಾಳೆ. "ಖಾಲಾ, ಎಲ್ಲಾ ಮೊದಲ ನನಗ ಹೇಳಬೇಕ್ರಿ, ಆಮ್ಯಾಲ ಬ್ಯಾರೆಯವರಿಗೆ" ಎಂದು ಬಾಗಿಲಲ್ಲೇ ಕರಾರು ಹಾಕಿದಳು. ಒಪ್ಪಿದೆ. ಇದನ್ನು ನಿನಗೆ ಬರೆಯಲಿಕ್ಕೂ ಅವಳ ಅಪ್ಪಣೆ ಪಡೆದಿದ್ದೇನೆ.

ಗುಳಿಗೆ ಇಲ್ಲೇ ಕೊಟ್ಟೆವು. ಎದೆಬಡಿತ ಇಳಿಯುವವರೆಗೆ ನನ್ನ ಕೈ ಹಿಡಿದು ಕೂತಿದ್ದಳು. ಸೂಜಿಯಲ್ಲಿ ಔಷಧಿ ಹರಿಸಿದಾಗ ಮೈಯೆಲ್ಲ ಬಿಸಿಯಾಗುತ್ತದೆ ಅಂತ ಮೊದಲೇ ಹೇಳಿದ್ದೆ, ಹೆದರಲಿಲ್ಲ. ಉಸಿರು ಹಿಡಿ ಅಂದಾಗ ಹಿಡಿದಳು. ಕೆಲವೇ ಕ್ಷಣದ ಕೆಲಸ. ಚಿತ್ರ ಬರುವಾಗ ನಾನು ಅಲ್ಲಾಹ್‌ನ ಹೆಸರು ಹೇಳುತ್ತ ನಿಂತಿದ್ದೆ, ನಮ್ಮ ಅನುಮಾನ ಸುಳ್ಳಾಗಲಿ ಅಂತ.

ಸುಳ್ಳಾಗಲಿಲ್ಲ. ಎಡದ ನಾಳ ಬಲಗಡೆಯಿಂದಲೇ ಹುಟ್ಟಿದೆ. ಬಾಯಿ ದುಂಡಗಿಲ್ಲ, ಸೀಳಿನ ಹಾಗಿದೆ. ಸ್ವಲ್ಪ ದೂರ ದೊಡ್ಡ ನಾಳದ ಗೋಡೆಯೊಳಗೇ ಹುದುಗಿಕೊಂಡು ಹೋಗಿ, ಎರಡರ ನಡುವೆ ಚಪ್ಪಟೆಯಾಗಿದೆ. ಇದು ನಿನ್ನ ಅಡುಗೆಯಿಂದ ಬಂದದ್ದಲ್ಲ, ಯಾರ ದೃಷ್ಟಿಯಿಂದಲೂ ಬಂದದ್ದಲ್ಲ, ಓಟದಿಂದಲೂ ಬಂದದ್ದಲ್ಲ. ಹೊಟ್ಟೆಯಲ್ಲಿದ್ದಾಗಲೇ ಹೀಗೆ ಬೆಳೆದದ್ದು.

ಓಟ ಬಿಡಿಸಿದರೆ ಸಾಕಲ್ಲವೇ ಅಂತ ಕೇಳುತ್ತೀ. ಸಾಲದು. ಎಡದ ನಾಳ ಹೀಗಿದ್ದು ಒಮ್ಮೆ ಬಿದ್ದವರಿಗೆ ಆಪರೇಷನ್ನೇ ದಾರಿ. ಆ ಮುಚ್ಚಿದ ಭಾಗವನ್ನು ತೆರೆದು ಬಾಯಿ ಅಗಲ ಮಾಡುತ್ತಾರೆ. ಹೈದರಾಬಾದಿನಲ್ಲಿ ಮಾಡುವವರಿದ್ದಾರೆ. ಎದೆ ತೆರೆಯಬೇಕಾಗುತ್ತದೆ.

ಚಿತ್ರವನ್ನು ಅವಳಿಗೇ ತೋರಿಸಿದೆ. ತುಂಬ ಹೊತ್ತು ನೋಡಿ "ಇಷ್ಟ್ ಸಣ್ಣದೇನ್ರಿ?" ಅಂದಳು. ಆಮೇಲೆ ಅತ್ತಳು. ನೀನು ಇರಬೇಕಿತ್ತು.

ನಜ್ಮಾ


ಕಮಲಾಪುರ
9 ಡಿಸೆಂಬರ್ 2024

ನಜ್ಜೂ,

ಅವಳ ಅಪ್ಪನಿಗೆ ಹೇಳಿದೆ. ಊಟದ ತಾಟು ಹಾಗೇ ಬಿಟ್ಟು ಎದ್ದು ಹೋಗಿ ಕೊಟ್ಟಿಗೆಯಲ್ಲಿ ನಿಂತು ಅತ್ತರು. ಆ ಮನುಷ್ಯ ಅಳುವುದನ್ನು ನಾನು ನೋಡಿದ್ದೇ ಇಲ್ಲ.

ನೀನು ಮೊದಲ ಪತ್ರದಲ್ಲೇ ಕೇಳಿದ್ದೆ, ಇದು ಮೊದಲ ಸಲವೋ ಅಂತ. ಎದುರಿಗೆ ಬಂದಾಗ ಹೌದು ಅಂದಿದ್ದೆ. ಅಲ್ಲ. ಅದು ಮೂರನೆಯದು. ಯಾಕೆ ಮುಚ್ಚಿಟ್ಟೆ ಅಂದರೆ ಶರಣಸಿರಸಗಿಯಿಂದ ಒಂದು ಸಂಬಂಧ ಬಂದಿದೆ, ಒಳ್ಳೆಯ ಮನೆತನ, ಹುಡುಗ ಬ್ಯಾಂಕಿನಲ್ಲಿದ್ದಾನೆ. ಮೂರು ಸಲ ಬಿದ್ದ ಹುಡುಗಿ ಅಂದರೆ ಯಾರು ಒಪ್ಪುತ್ತಾರೆ? ಒಂದು ಸಲವಾದರೆ ಬಿಸಿಲು ಅನ್ನಬಹುದು.

ಮೈದಾನದ ಮಾತು ಅಲ್ಲಿಯವರೆಗೆ ಮುಟ್ಟಿಲ್ಲ. ಮುಟ್ಟಿದರೂ ಮುಟ್ಟಲಿ ಬಿಡು, ಈಗ ಅದೆಲ್ಲ ಬೇಡ. ಒಂದೇ ಕೇಳುತ್ತೇನೆ, ನನ್ನ ಮಗಳು ಆ ಟೇಬಲ್‌ನಿಂದ ಎದ್ದು ಬರ್ತಾಳೇನು? ಡಾಕ್ಟರ್ ಮಾತು ಬೇಡ, ಗೆಳತಿಯ ಮಾತೂ ಬೇಡ. ಖರೆ ಮಾತು ಹೇಳು.

ಬಂಡಿ


ಕಲಬುರಗಿ
10 ಡಿಸೆಂಬರ್ 2024

ಬಂಡಿ,

ಖರೆ ಮಾತು: ಬಹಳಷ್ಟು ಮಕ್ಕಳು ಎದ್ದು ಬರುತ್ತಾರೆ, ಮತ್ತೆ ಆಡುತ್ತಾರೆ ಕೂಡ. ಎಲ್ಲರೂ ಅಂತ ಬರೆಯಲಾರೆ. ಆಪರೇಷನ್ ಮಾಡಿಸದಿದ್ದರೆ ನನಗೆ ಇನ್ನೂ ಹೆಚ್ಚು ಹೆದರಿಕೆ. ನನ್ನ ಸ್ವಂತ ಮಗಳಾಗಿದ್ದರೆ ಮಾಡಿಸುತ್ತಿದ್ದೆ, ಆ ದಿನ ಬಾಗಿಲ ಹೊರಗೆ ನಡುಗುತ್ತ ಕೂತಿರುತ್ತಿದ್ದೆ. ಇವಳಿಗೂ ಹಾಗೇ ಕೂರುತ್ತೇನೆ. ನಿನ್ನ ಪಕ್ಕದಲ್ಲಿ ಜಾಗ ಇಟ್ಟಿರು.

ಇದೇ ಮಾತನ್ನು ಕಾವೇರಿಗೂ ಬರೆದಿದ್ದೇನೆ, ಒಂದಕ್ಷರ ಬದಲಿಲ್ಲದೆ.

ನಜ್ಜು


ಕಮಲಾಪುರ
9 ಫೆಬ್ರವರಿ 2025

ಪ್ರೀತಿಯ ನಜ್ಜೂ,

ಹೈದರಾಬಾದಿನ ಆಪರೇಷನ್ ಆದ ಮೇಲೆ ಮೊದಲ ಸಲ ಕಾವೇರಿ ಇವತ್ತು ಅಂಗಳದ ತುದಿಯವರೆಗೆ ನಡೆದು ವಾಪಸ್ ಬಂದಳು. ಸುಸ್ತಾಗಲಿಲ್ಲ. ಕೆಮ್ಮುವಾಗ ಮಾತ್ರ ದಿಂಬನ್ನು ಎದೆಗೆ ಒತ್ತಿ ಹಿಡಿಯುತ್ತಾಳೆ, ನೀನು ಕಲಿಸಿದ ಹಾಗೆ. ಎಲ್ಲ ಸರಿ ಹೋದರೆ ಏಪ್ರಿಲ್‌ನಲ್ಲಿ ನಿಮ್ಮ ಓಡುವ ಮೆಷಿನ್ ಮೇಲೆ ಹತ್ತಿಸಿ ನೋಡುತ್ತೇವೆ ಅಂದಿದ್ದಾರಲ್ಲ, ಈಗಿಂದಲೇ ಆ ದಿನದ್ದೇ ಜಪ.

ನಿನ್ನೆ ಶರಣಸಿರಸಗಿಯ ಹುಡುಗನ ತಾಯಿ ಬಂದಿದ್ದರು, ಕೈಯಲ್ಲಿ ಸೇಬು ಹಿಡಿದುಕೊಂಡು. "ಹುಡುಗಿಗೆ ಏನೋ ಆಪರೇಷನ್ ಆಗ್ಯಾದಂತಲ್ರಿ?" ಅಂದರು. ನನ್ನ ನಾಲಗೆಗೆ ಏನು ಬಂತೋ, "ಅಪೆಂಡಿಕ್ಸ್ ರೀ, ಸಣ್ಣದು" ಅಂದುಬಿಟ್ಟೆ. ಅತ್ತೆಯೂ "ಹೌದ್ರಿ, ಹೊಟ್ಟಿನೋವು ಬಾಳ ಇತ್ತು" ಅಂತ ದನಿಗೂಡಿಸಿದರು. ನಾವಿಬ್ಬರೂ ಜನ್ಮದಲ್ಲಿ ಒಂದೇ ಮಾತಾಡಿದ್ದು ಅದೇ ಮೊದಲು.

ಕಾವೇರಿ ಒಳಗಿಂದ ಮೆಲ್ಲಗೆ ನಡೆದು ಬಂದು ಅವರ ಎದುರು ಕೂತಳು. ಓಢಣಿ ಸ್ವಲ್ಪ ಸರಿಸಿದಳು. ಗಾಯದ ಗೆರೆ ಇನ್ನೂ ಕೆಂಪಗಿದೆ.

"ಹೊಟ್ಟಿ ಅಲ್ರೀ ಅಮ್ಮಾರ, ಎದಿ ಕೊಯ್ದಾರ. ಹೃದಯದ ರಕ್ತನಾಳ ಹುಟ್ಟಾ ತಪ್ಪ ಜಾಗದಾಗ ಇತ್ತು, ಸರಿ ಮಾಡ್ಯಾರ. ಓಡುವಾಗ ಮೂರು ಸಲ ಬಿದ್ದಿದ್ದೆ."

ಆ ತಾಯಿ ಚಹಾ ಕುಡಿದು ಲೋಟ ಕೆಳಗಿಟ್ಟು, "ದೇವರು ಚಲೋ ಮಾಡ್ಲಿ" ಅಂದು ಎದ್ದು ಹೋದರು. ಇನ್ನು ಅವರು ಈ ಬಾಗಿಲಿಗೆ ಬರುವುದಿಲ್ಲ, ಅದು ನನಗೆ ಗೊತ್ತು.

ನಾನು ಸಿಡಿದುಬಿಟ್ಟೆ. "ಒಂದ್ ಗಳಿಗಿ ಸುಮ್ಮನಿದ್ರ ಏನಾಗ್ತಿತ್ತಲೇ?"

ಅವಳು ಸಿಟ್ಟು ಮಾಡಲಿಲ್ಲ. ಓಢಣಿ ಸರಿ ಮಾಡಿಕೊಳ್ಳುತ್ತ ಕೇಳಿದಳು. "ಆವತ್ತ ಅಕ್ರಮ್ ಮಾಮಾನ ಟೆಂಪೋ ಪಂಚರ್ ಆಗಿದ್ರ ಏನಾಗ್ತಿತ್ತವ್ವಾ?"

ನಜ್ಜೂ, ಅಲ್ಲೇ ನೆಲದ ಮೇಲೆ ಕೂತು, ಆಸ್ಪತ್ರೆಯಲ್ಲೂ ಅಳದಿದ್ದವಳು ಗೊಳೋ ಅಂತ ಅತ್ತುಬಿಟ್ಟೆ. ಅವಳೇ ಹತ್ತಿರ ಬಂದು ನನ್ನ ಬೆನ್ನು ಸವರಿದಳು. ಅತ್ತೆ ಸೇಬು ಹೆಚ್ಚಿ ತಂದು ನಮ್ಮಿಬ್ಬರ ಮುಂದೆ ಇಟ್ಟರು.

ನಿನ್ನ
ಬಂಡಿ